ಕೊನೆಯ ಗೇಣು

ಹತ್ತಿ ತುಂಬಿದ ಸಂದು ಒಂದು ಥರ ಸದ್ದು ಮಾಡುತ್ತದೆ, ತುಂಬದ ಸಂದು ಇನ್ನೊಂದು ಥರ. ಆ ವ್ಯತ್ಯಾಸ ಅವಳಿಗೆ ನಿದ್ದೆಗಣ್ಣಿನಲ್ಲೂ ತಪ್ಪುತ್ತಿರಲಿಲ್ಲ. ಇವತ್ತು ಮಾತ್ರ ಬೆಳಗಿನಿಂದ ಎರಡು ಸಲ ತಪ್ಪಿತ್ತು. ದೊಡ್ಡಪ್ಪ ಬೋರಲು ಹಾಕಿದ ದೋಣಿಯ ಪಕ್ಕ ಮಂಡಿಯೂರಿ, ಎರಡು ಹಲಗೆಗಳ ನಡುವೆ ಹೊಸೆದ ಹತ್ತಿಯನ್ನಿಟ್ಟು, ಅದರ ಮೇಲೆ ಚಪ್ಪಟೆ ಉಳಿ ಹಿಡಿದು ಕೊಡತಿಯಿಂದ ಬಡಿಯುತ್ತಿದ್ದ. ಅವಳು ಹಿಂದೆ ಕೂತು ಅವನ ಎಡ ಹೆಗಲ ಮೇಲೆ ಕೈಯಿಟ್ಟುಕೊಂಡಿದ್ದಳು. ನಲವತ್ತು ವರ್ಷ ಕೊಡತಿಯ ಸದ್ದು ಕೇಳಿ ಕೇಳಿ ಅವನ ಕಿವಿಗಳು ಇನ್ನು ಸಾಕು ಎಂದು ಬಾಗಿಲು ಹಾಕಿಕೊಂಡು ಐದು ವರ್ಷವಾಗಿತ್ತು. ಅಂದಿನಿಂದ ಅವಳೇ ಅವನ ಕಿವಿ. ಹೆಗಲ ಮೇಲೆ ಒಂದು ತಟ್ಟು ತಟ್ಟಿದರೆ ತುಂಬಿತು ಎಂದರ್ಥ, ಎರಡು ತಟ್ಟಿದರೆ ಇನ್ನೂ ಇಲ್ಲ. ಇಷ್ಟೇ ಭಾಷೆ. ಐದು ವರ್ಷದಲ್ಲಿ ಇಬ್ಬರಿಗೂ ಇದಕ್ಕಿಂತ ಹೆಚ್ಚು ಬೇಕಾಗಿರಲಿಲ್ಲ. ಕಿವುಡನಿಗೆ ಮೂಗಿ ಜೋಡಿ ಎಂದು ದೋಣಿ ರಿಪೇರಿಯ ಆ ಕಟ್ಟೆಯವರು ನಗುತ್ತಿದ್ದರು. ಅವಳೇನು ಮೂಗಿಯಲ್ಲ, ಮಾತು ಬರುತ್ತಿತ್ತು. ಆದರೆ ಇಲ್ಲವೆಂದು ಹೇಳಲು ಬಾಯಿ ತೆರೆಯಬೇಕಲ್ಲ, ಆ ಹೆಸರೇ ನಿಂತುಬಿಟ್ಟಿತು. ಈಗ ಅವಳು ಒಂದು ಸಲ ತಟ್ಟಿದಳು. ದೊಡ್ಡಪ್ಪ ಕೊಡತಿ ಇಳಿಸಿ ಸಂದಿನ ಮೇಲೆ ಹೆಬ್ಬೆರಳು ಓಡಿಸಿದ, ನಡುವೆ ತಡೆದ, ಹಿಂತಿರುಗಿ ಅವಳ ಮುಖ ನೋಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತನ್ನ ಬೆರಳೇ ಮುದಿಯಾಯಿತೇನೋ ಎಂಬಂತೆ ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡು ಇನ್ನೊಂದು ಸಲ ಸವರಿದ.

ನಿನ್ನೆ ಬೆಳಿಗ್ಗೆ ಹೋದ ದೋಣಿಗಳು ಇವತ್ತು ಸಂಜೆಯೊಳಗೆ ಬರಬೇಕು. ಹೊಳೆ ಇಲ್ಲಿ ಸಮುದ್ರವನ್ನು ಮುಟ್ಟುವ ಮೊದಲು ಎಷ್ಟು ಅಗಲವಾಗುತ್ತದೆಂದರೆ ಆಚೆ ದಡ ಕಾಣುವುದಿಲ್ಲ, ಹುಟ್ಟು ಹಾಕಿಕೊಂಡು ಹೋಗಲು ಆರು ಗಂಟೆ ಬೇಕು. ಆಚೆ ಸರ್ಕಾರದ ಸೈನ್ಯ ಯುದ್ಧಕ್ಕೆ ಬೀಡುಬಿಟ್ಟಿತ್ತು. ಸೇತುವೆ ಮುರಿದು ಬಿದ್ದ ಮೇಲೆ ಹಿಟ್ಟು, ಎಣ್ಣೆ, ಔಷಧಿ, ಮದ್ದುಗುಂಡು ಎಲ್ಲವೂ ಮೀನು ಹಿಡಿಯುವ ದೋಣಿಗಳಲ್ಲೇ ಹೋಗಬೇಕು. ಸರ್ಕಾರ ಹೊಳೆಯುದ್ದದ ದೋಣಿಗಳನ್ನೆಲ್ಲ ಎಳೆದು ತಂದು ಪಕ್ಕೆಗೆ ಬಿಳಿ ಬಣ್ಣದಲ್ಲಿ ಅಂಕಿ ಬರೆಸಿತು. ದೋಣಿಯವರನ್ನೂ ಕರೆತಂದಿತು, ಆದರೆ ಯಾರ ದೋಣಿ ಯಾರಿಗೆ ಎಂಬ ಲೆಕ್ಕ ಇಟ್ಟುಕೊಳ್ಳಲಿಲ್ಲ. ಅಂಕಿ ಕೂಗಿದಾಗ ಯಾರು ಮುಂದಿದ್ದರೋ ಅವರು ಹತ್ತಿದರು. ನಿನ್ನೆ ಹದಿನೇಳನ್ನು ಹತ್ತಿದವರು ಇಬ್ಬರು, ಮೇಲ್ಹೊಳೆಯವರು. ಮೂರು ದಿನದ ದಾರಿಯಿಂದ ಬಂದ ಒಬ್ಬ ಮುದುಕ ಮತ್ತು ಅವನ ಅಳಿಯ.

ಹದಿನೇಳು ಎನ್ನುವ ಶಬ್ದವೇ ಈಗ ಅವಳ ಹೊಟ್ಟೆಯಲ್ಲಿ ನೆನೆದ ಹತ್ತಿಯ ಹಾಗೆ ಊದಿಕೊಂಡು ಕೂತಿತ್ತು. ಆ ಶಬ್ದವನ್ನು ಅವಳು ನಿನ್ನೆ ಬಾಯಿಬಿಟ್ಟು ಹೇಳಿದ್ದಳು, ಅಲ್ಲಿಂದಲೇ ಎಲ್ಲ ಶುರುವಾದದ್ದು. ದೋಣಿಗಳ ಗುಮಾಸ್ತ ಪಟ್ಟಿ ಹಿಡಿದು ಬಂದು, ಯಾವುದು ತಯಾರು ಎಂದು ದೊಡ್ಡಪ್ಪನನ್ನು ಕೇಳಿದ. ದೊಡ್ಡಪ್ಪ ಅವನ ತುಟಿ ನೋಡಿ ಯಾವಾಗಿನಂತೆ ತಲೆಯಾಡಿಸಿದ. ಕಿವಿ ಹೋದ ಮೇಲೆ ಅವನು ಕಲಿತ ಮರ್ಯಾದೆ ಅದು, ಯಾರು ಏನು ಕೇಳಿದರೂ ಹೌದೆನ್ನುವುದು. ಗುಮಾಸ್ತ ಅವಳ ಕಡೆ ತಿರುಗಿದ. ಅವಳು ಹದಿನೇಳು ಎಂದಳು. ಅವನು ಕಿವಿಗೆ ಕೈ ಅಡ್ಡ ಹಿಡಿದು, "ಏನು? ಎಲ್ಲೋ ಇಲಿ ಕಿಚಕ್ ಅಂದ ಹಾಗಾಯ್ತಲ್ಲ!" ಎಂದ. ಮೂಟೆ ಹೊರುವವರು ನಕ್ಕರು. ಅವಳು ಮತ್ತೆ ಹೇಳಿದಳು, ಸ್ವರ ನಡುವೆ ಒಡೆದು ಎರಡು ತುಂಡಾಗಿ ಬಂತು. "ಹದಿ ಒಂದು ಸಲ, ನೇಳು ಇನ್ನೊಂದು ಸಲ. ಕಂತಿನಲ್ಲಿ ಮಾತಾಡ್ತಾಳಪ್ಪಾ ಈಯಮ್ಮ," ಎಂದು ಅವನು ಬರೆದುಕೊಂಡ. ಕೆಟ್ಟವನಲ್ಲ, ಬೆಳಗಿನಿಂದ ನೂರು ಜನರ ಹತ್ತಿರ ಕೂಗಿದವನಿಗೆ ಒಂದು ನಗು ಬೇಕಿತ್ತು, ಅಷ್ಟೇ. ಅವಳಿಗೂ ಅದು ಗೊತ್ತಿತ್ತು. ಗೊತ್ತಿದ್ದರೂ ಕಿವಿಯ ತುದಿಯವರೆಗೆ ಬಿಸಿಯೇರಿತು. ಐದನೇ ತರಗತಿಯಲ್ಲಿ ಹೀಗೇ ಬಿಸಿಯೇರಿತ್ತು. ಪಾಠ ಗಟ್ಟಿಯಾಗಿ ಓದು ಎಂದು ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ್ದರು. ಅವಳು ಓದುತ್ತಲೇ ಇದ್ದಳು, ತನಗೆ ಕೇಳಿಸುತ್ತಲೂ ಇತ್ತು, ಆದರೆ ಮೇಷ್ಟ್ರು ಕಿಟಕಿಯ ಕಡೆ ನೋಡಿ, "ಬಾಗಿಲು ಹಾಕ್ರೋ, ಗಾಳಿ ಓದ್ತಾ ಇದೆ," ಎಂದರು. ಮಾರನೆಯ ದಿನ ಅವಳು ಹೋಗಲಿಲ್ಲ. ಅದರ ಮಾರನೆಯ ದಿನವೂ. ಯಾಕೆ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ, ಅಲ್ಲಿಗೆ ಓದು ಮುಗಿಯಿತು.

ಉಳಿಯ ತುದಿ ಜಾರಿ ಹಲಗೆಗೆ ತಾಗಿತು. ಎರಡು ತಟ್ಟಿದಳು. ದೊಡ್ಡಪ್ಪ ಮತ್ತೆ ಬಡಿದ.

ಈ ಕಟ್ಟೆಯಲ್ಲಿ ಒಂದು ರೂಢಿ. ದೋಣಿಯ ಮೈಯೆಲ್ಲ ತುಂಬಿ, ಚುಕ್ಕಾಣಿಯ ಹತ್ತಿರ, ಅದನ್ನು ಹಿಡಿಯುವವನ ಕಾಲಡಿ, ಒಂದು ಗೇಣು ಸಂದನ್ನು ಹಾಗೇ ಬಿಡುತ್ತಾರೆ. ಹಿಂದಿನ ಕೂರುಮಣೆಯ ಮೇಲೆ ಒಂದು ಹಿಡಿ ಹತ್ತಿ, ಒಂದು ಉಂಡೆ ರಾಳ ಇಡುತ್ತಾರೆ. ಆ ಗೇಣು ದೋಣಿಯವನದು. ಅವನೇ ಬಂದು, ಕಟ್ಟೆಯ ಕೊಡತಿಯೊಂದನ್ನು ಇಸಿದುಕೊಂಡು ತುಂಬಿ, ನೀರಿಗಿಳಿಸಬೇಕು. ತನ್ನ ಕೈಯಿಂದ ಒಂದು ಗೇಣು ತುಂಬದವನಿಗೆ ದೋಣಿ ಎಲ್ಲಿ ಸೋರುತ್ತದೆ ಎಂದು ಹೇಗೆ ಗೊತ್ತಾಗಬೇಕು ಎಂದು ದೊಡ್ಡಪ್ಪನ ಅಪ್ಪ ಹೇಳುತ್ತಿದ್ದನಂತೆ. ಇದನ್ನು ಯಾರೂ ಯಾರಿಗೂ ಹೇಳಿಕೊಡುತ್ತಿರಲಿಲ್ಲ. ಊಟಕ್ಕೆ ಕೂತವನಿಗೆ ಕೈ ತೊಳಿ ಎಂದು ಹೇಳುತ್ತಾರೆಯೇ? ನಿನ್ನೆ ಆ ಮುದುಕ ನೇರವಾಗಿ ದೋಣಿಯ ಮುಂದಕ್ಕೆ ಹೋಗಿ, ಮೂತಿಯ ಹತ್ತಿರ ಮಾತ್ರ ಬಗ್ಗಿ ನೋಡಿ, ಏನೋ ಸಮಾಧಾನವಾದವನ ಹಾಗೆ ಅವಳ ಬಳಿ ಬಂದಿದ್ದ. "ಏನು ಮಗಳೇ, ಗಟ್ಟಿಯಿದೆಯಾ ದೋಣಿ?" ಎಂದು ಕೇಳಿದ. ಆ 'ಮಗಳೇ'ಯಲ್ಲಿ ನಗುವಿರಲಿಲ್ಲ, ಗೇಲಿಯಿರಲಿಲ್ಲ. ಅವಳು ತಲೆಯಾಡಿಸಿದಳು. ನಮ್ಮ ಪಾಲಿನದು ಗಟ್ಟಿಯಿದೆ, ನಿಮ್ಮ ಗೇಣು ನೀವು ತುಂಬಿಕೊಳ್ಳಿ ಎಂಬುದೆಲ್ಲ ಆ ತಲೆಯಾಡಿಸುವುದರಲ್ಲಿ ಇತ್ತು. ಆದರೆ ತಲೆಯೊಳಗೆ ಇದ್ದದ್ದು ತಲೆಯಾಡಿಸಿದರೆ ಹೊರಗೆ ಉದುರುತ್ತದೆಯೇ? ಮುದುಕನಿಗೆ ಕಂಡದ್ದು ಒಂದು ಹೌದು ಮಾತ್ರ.

ದೋಣಿ ನೀರಿಗಿಳಿದಾಗ ಅವಳು ನೋಡಿದಳು. ಭಾರವಿಲ್ಲದ ದೋಣಿ ನೀರಿನ ಮೇಲೆ ಎತ್ತರಕ್ಕೆ ನಿಂತಿತ್ತು. ಕಪ್ಪು ರಾಳ ಬಳಿದ ಪಕ್ಕೆಯಲ್ಲಿ, ಚುಕ್ಕಾಣಿಯ ಪಕ್ಕ, ಒಂದು ಗೇಣು ಜಾಗ ಹಸಿ ಮರದ ಬಣ್ಣದಲ್ಲಿ ಬೆಳ್ಳಗಿತ್ತು. ಹಲ್ಲು ಬಿದ್ದ ವಸಡಿನ ಹಾಗೆ. ಕೂಗಬೇಕು ಎಂದುಕೊಂಡಳು. ಬಾಯಿ ತೆರೆದಳು ಕೂಡ. ಗುಮಾಸ್ತ ಪಕ್ಕದಲ್ಲೇ ಇದ್ದ. ಒಳಗಿನಿಂದ ಮಾತಿನ ಬದಲು ಆ ಇಲಿ ಬಂದರೆ ಎನ್ನಿಸಿ, ಕೈ ಎತ್ತಿದಳು. ಮುದುಕ ನೋಡಿದ. ಅವನ ಮುಖ ಅರಳಿತು. ಅವನೂ ಕೈ ಎತ್ತಿ ಬೀಸಿದ. ಅಳಿಯ ಹುಟ್ಟು ಬಿಟ್ಟು ಎರಡೂ ಕೈ ಬೀಸಿದ. ಇಷ್ಟು ಹೊತ್ತು ಯಾರೂ ಬೀಳ್ಕೊಡದ ಆ ಪರವೂರಿನವರಿಗೆ ಕಟ್ಟೆಯ ಮೇಲೆ ಒಬ್ಬಳಾದರೂ ಕೈ ಬೀಸಿದಳಲ್ಲ ಎಂದು ಸಂತೋಷವಾಗಿತ್ತು. ಅವಳ ಎತ್ತಿದ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ಏನು ಮಾಡಬೇಕೆಂದು ತಿಳಿಯದೆ ನಿಂತು, ಆಮೇಲೆ ತಾನೂ ಅತ್ತಿತ್ತ ಆಡಿತು.

ಅಷ್ಟೇ ಆಗಿದ್ದರೆ ಹೇಗೋ ಮನಸ್ಸಿಗೆ ಸಮಾಧಾನ ಹೇಳಬಹುದಿತ್ತು. ಆದರೆ ದೋಣಿ ನೇರವಾಗಿ ಹೋಗಲಿಲ್ಲ. ಸರಕು ಹೇರುವ ಧಕ್ಕೆ ಕಟ್ಟೆಯಿಂದ ಮುನ್ನೂರು ಹೆಜ್ಜೆ. ಅಲ್ಲಿ ಎರಡು ಗಂಟೆ ನಿಂತಿತು. ಒಂದೊಂದೇ ಮೂಟೆ ಬಿದ್ದ ಹಾಗೆ ದೋಣಿ ಒಂದೊಂದು ಬೆರಳು ಇಳಿಯುವುದು ಅವಳಿಗೆ ಇಲ್ಲಿಂದಲೇ ಕಾಣುತ್ತಿತ್ತು. ನೀರು ತರುತ್ತೇನೆಂದು ಕೊಡ ಎತ್ತಿಕೊಂಡು ಎದ್ದಳು. ಇನ್ನೂರ ಎಂಬತ್ತು ಹೆಜ್ಜೆ ನಡೆದಳು. ಧಕ್ಕೆಯ ಬಾಗಿಲಲ್ಲಿ ಕಾವಲಿನವನು, "ಏನಮ್ಮಾ?" ಎಂದ. ಮೆತ್ತಗೇ ಕೇಳಿದ.

"ಏನಿಲ್ಲ," ಎಂದಳು.

ಅದೊಂದು ಮಾತು ಮಾತ್ರ ಅವಳ ಬಾಯಲ್ಲಿ ಎಂದೂ ಒಡೆಯುತ್ತಿರಲಿಲ್ಲ. ಕೊಡ ಎತ್ತಿಕೊಂಡು ಬಂದಳು. ಕೊಡದಲ್ಲಿ ನೀರಿರಲಿಲ್ಲ. ದೊಡ್ಡಪ್ಪ ಖಾಲಿ ಕೊಡವನ್ನು ನೋಡಿ, ದೋಣಿಗಳ ಕಡೆ ಗದ್ದ ಎತ್ತಿ, ತನ್ನ ಹೆಬ್ಬೆರಳಿಗೂ ಕಿರುಬೆರಳಿಗೂ ನಡುವಿನ ಗೇಣನ್ನು ತೋರಿಸಿ, ತುಂಬಿದರಾ ಎಂದು ಹುಬ್ಬಿನಲ್ಲೇ ಕೇಳಿದ. ತಾನು ಬೇರೆ ದೋಣಿಯ ಹೊಟ್ಟೆಯಡಿ ಮಲಗಿದ್ದರಿಂದ ನೋಡಿರಲಿಲ್ಲ. ಅವಳು ಅವನ ಹೆಗಲ ಮೇಲೆ ಒಂದು ಸಲ ತಟ್ಟಿದಳು. ಆ ತಟ್ಟಿದ ಅಂಗೈ ನಿನ್ನೆಯಿಂದ ಬೇರೆ ಯಾರದೋ ಕೈಯ ಹಾಗೆ ಮೈಗೆ ಅಂಟಿಕೊಂಡಿತ್ತು. ರಾತ್ರಿ ಊಟಕ್ಕೆ ಎಡಗೈ ಚಾಚಿ ದೊಡ್ಡಮ್ಮನಿಂದ ಬೈಸಿಕೊಂಡಿದ್ದಳು.

ಮಧ್ಯಾಹ್ನ ರಾಳದಕ್ಕ ಬಂದಳು. ಕಟ್ಟೆಯ ಮೂಲೆಯಲ್ಲಿ ಕೊಪ್ಪರಿಗೆ ಇಟ್ಟು ರಾಳ ಕುದಿಸುವವಳು, ಹುಬ್ಬು ಎರಡೂ ಸುಟ್ಟುಹೋಗಿ ಮುಖ ಯಾವಾಗಲೂ ಆಶ್ಚರ್ಯಪಟ್ಟ ಹಾಗೆ ಕಾಣುತ್ತಿತ್ತು. ಅನ್ನದ ಡಬ್ಬಿ ಬಿಚ್ಚುತ್ತ, "ಏನೇ ಮೂಗಿ, ಮುಖ ಯಾಕೆ ಹಿಂಡಿದ ನಿಂಬೆಹಣ್ಣಾಗಿದೆ? ಗಂಡು ನೋಡೋಕೆ ಬರ್ತಿದಾರಾ?" ಎಂದಳು. ಅವಳು ತಲೆ ಅಲ್ಲಾಡಿಸಿದಳು. "ಬರಲಿ ಬಿಡು. ಯಾರಾದ್ರೂ ಪುಣ್ಯವಂತ ಬೇಕು ನಿನ್ನಂಥೋಳಿಗೆ. ಜಗಳ ಆಡಬೇಕು ಅಂದ್ರೆ ಅವನೇ ಎರಡೂ ಕಡೆ ಮಾತಾಡಬೇಕು, ಪಾಪ." ತನ್ನ ಮಾತಿಗೆ ತಾನೇ ನಕ್ಕು, ಒಂದು ತುತ್ತು ನುಂಗಿ, ಸ್ವರ ತಗ್ಗಿಸಿದಳು. "ಕೆಳಗಿನ ಕಟ್ಟೆ ಬಡಗಿ ಇನ್ನೂ ಬಂದಿಲ್ವಂತೆ ಕಣೇ. ಎರಡು ಮೊಳೆ ಹೊಡೆಯೋದು ಮರೆತಿದ್ದಕ್ಕೆ! ಬೇಕಂತಲೇ ಬಿಟ್ಟಿದೀಯ, ಶತ್ರುಗಳ ಹತ್ರ ಏನು ತಿಂದಿದೀಯ ಅಂತ ಕರ್ಕೊಂಡು ಹೋದವರು, ತಿಂಗಳಾಯ್ತು. ಅವನ ಹೆಂಡ್ತಿ ದಿನಾ ಕಚೇರಿ ಬಾಗಿಲಲ್ಲಿ ಕೂತಿರ್ತಾಳೆ. ನಿಮ್ಮ ದೊಡ್ಡಪ್ಪಂಗೆ ಹೇಳು, ನೋಡಿ ಮಾಡು ಅಂತ. ಅಲ್ಲ, ಅವನಿಗೇನು ಹೇಳೋದು, ಚಿನ್ನದಂಥ ಕೈ."

ಚಿನ್ನದಂಥ ಕೈಯವನು ಆಚೆ ಕೂತು ಊಟ ಮುಗಿಸಿ ನೀರನ್ನೇ ನೋಡುತ್ತಿದ್ದ. ಅವನ ಮಗ, ಅವಳ ಅಣ್ಣ, ಆಚೆ ದಡದ ಸೈನ್ಯದಲ್ಲಿದ್ದ. ಹೋದ ಮೇಲೆ ಒಂದೇ ಕಾಗದ ಬಂದಿತ್ತು, ಹಿಟ್ಟು ಮುಗ್ಗಲು ಬರುತ್ತಿದೆ, ಒಣಗಿದ್ದು ಕಳಿಸಲು ಹೇಳಿ ಎಂದು ತಮಾಷೆಗೆ ಬರೆದಿದ್ದ. ಅದನ್ನು ಓದಿ ಹೇಳಿದವಳು ಅವಳೇ, ನೆಲದ ಮೇಲೆ ಬೆರಳಿನಲ್ಲಿ ಚಿತ್ರ ಬಿಡಿಸಿ ಬಿಡಿಸಿ. ದೊಡ್ಡಪ್ಪ ಅದನ್ನು ತಮಾಷೆಯೆಂದು ತೆಗೆದುಕೊಳ್ಳಲಿಲ್ಲ. ಅಂದಿನಿಂದ ಪ್ರತಿ ಸಂದಿಗೂ ಒಂದೆಳೆ ಹತ್ತಿ ಹೆಚ್ಚು ಹಾಕುತ್ತಿದ್ದ. ಹದಿನೇಳು ಮುಳುಗಿದ್ದರೆ ಈಗ ಎಲ್ಲಿರಬಹುದು? ಮುದುಕನಿಗೆ ಈಜು ಬರುತ್ತಿತ್ತೆ? ಈಜು ಬಾರದ ದೋಣಿಯವರೇ ಹೆಚ್ಚು. ಹೇಳಿಬಿಡಬೇಕು ಎನ್ನಿಸಿತು. ಯಾರಿಗೆ? ಹೇಳಿದರೆ ದೊಡ್ಡಪ್ಪನನ್ನು ಕರೆದೊಯ್ಯುತ್ತಾರೆ. ಕತ್ತಲ ಕೋಣೆಯಲ್ಲಿ ಯಾರೋ ಪ್ರಶ್ನೆ ಕೇಳುತ್ತಾರೆ, ಅವನು ತಲೆಯಾಡಿಸುತ್ತಾನೆ. ಹೇಳದಿದ್ದರೆ? ದೋಣಿ ಹೋಯಿತು, ಗುಂಡು ತಾಗಿತೋ ಅಲೆ ಹೊಡೆಯಿತೋ, ಯಾರು ಕೇಳುತ್ತಾರೆ? ಯುದ್ಧದಲ್ಲಿ ಎಲ್ಲಕ್ಕೂ ಯುದ್ಧವೇ ಕಾರಣ. ಈ ಯೋಚನೆ ಬಂದ ಕೂಡಲೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಇಬ್ಬರು ಮುಳುಗಿರಲಿ ಎಂದು ಒಂದು ಕ್ಷಣ, ಬರಿ ಒಂದೇ ಕ್ಷಣ, ತಾನು ಬಯಸಿದೆನಲ್ಲವೇ? ತುತ್ತು ಗಂಟಲಲ್ಲಿ ನಿಂತಿತು. ರಾಳದಕ್ಕ ಬೆನ್ನಿಗೆ ಗುದ್ದಿ, "ಯಾರೋ ನೆನೆಸ್ಕೊಂಡ್ರು ನೋಡು," ಎಂದಳು.

ಬಿಸಿಲು ಇಳಿಯುವ ಹೊತ್ತಿಗೆ ದೋಣಿಗಳು ಕಂಡವು. ಮೊದಲು ನೊಣದಷ್ಟು, ಆಮೇಲೆ ಹಕ್ಕಿಯಷ್ಟು. ಜನ ಕಟ್ಟೆಯ ಅಂಚಿಗೆ ಬಂದು ನಿಂತರು. ಹನ್ನೆರಡು ಹೋಗಿದ್ದವು. ಬಂದವನ್ನು ಎಣಿಸಿದರು, ಒಂಬತ್ತು, ಹತ್ತು, ಹನ್ನೊಂದು. ಪಕ್ಕೆಯ ಅಂಕಿಗಳನ್ನು ಎಲ್ಲರೂ ಕೂಗಿ ಓದುತ್ತಿದ್ದರು. ಹದಿನೇಳು ಇರಲಿಲ್ಲ. ದೊಡ್ಡಪ್ಪ ಎದ್ದು ಬಂದು ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದ. ಅವಳು ಅವನ ಪಕ್ಕ ನಿಲ್ಲಲಾರದೆ ರಾಳದ ಕೊಪ್ಪರಿಗೆಯ ಹಿಂದೆ ಹೋಗಿ ನಿಂತಳು. ಹೊಗೆ ಕಣ್ಣಿಗೆ ಬಂತು. ಒಳ್ಳೆಯದೇ ಆಯಿತು. ಆಗ ಯಾರೋ, "ಅಲ್ಲೊಂದು ಬರ್ತಿದೆ, ಅದೇನು ದೋಣೀನಾ, ತೇಲೋ ಹಲಗೇನಾ?" ಎಂದರು.

ಅಂಚು ನೀರಿಗೆ ಸಮವಾಗಿ ಬರುತ್ತಿತ್ತು. ಒಬ್ಬ ಹುಟ್ಟು ಹಾಕುತ್ತಿದ್ದ, ನಡುನಡುವೆ ಹುಟ್ಟು ಬಿಟ್ಟು ತಗಡಿನ ಡಬ್ಬಿಯಿಂದ ನೀರು ಎತ್ತಿ ಎಸೆಯುತ್ತಿದ್ದ. ಇನ್ನೊಬ್ಬ ಹಿಂದೆ ಒಂದು ಕಾಲು ಚಾಚಿ, ಅಲ್ಲಾಡದೆ, ಮದುವೆಯ ಹಸೆಮಣೆಯ ಮೇಲೆ ಕೂತವನ ಹಾಗೆ ಕೂತಿದ್ದ. ದಡ ಮುಟ್ಟಿದಾಗ ಅಳಿಯ ಮಾವನನ್ನು ಬೆನ್ನ ಮೇಲೆ ಹೊತ್ತು ಇಳಿಸಿದ. ಮುದುಕನ ಮೈಮೇಲೆ ಅಂಗಿಯಿರಲಿಲ್ಲ. ಬಲಗಾಲಿನ ಹಿಮ್ಮಡಿ ನೀರಲ್ಲಿ ನೆಂದು ನೆಂದು ಸುಣ್ಣದ ಹಾಗೆ ಬೆಳ್ಳಗಾಗಿ, ಬಿರಿದು, ಅಂಚುಗಳಲ್ಲಿ ರಕ್ತ ಜಿನುಗುತ್ತಿತ್ತು.

"ಹುಷಾರು ಕಣೋ, ಮೂಟೆ ಅಂದ್ಕೊಂಡ್ಯಾ?" ಎಂದ ಮುದುಕ.

"ಮೂಟೆ ಆಗಿದ್ರೆ ನೀರಿಗೆ ಹಾಕ್ತಿದ್ದೆ ಮಾವ. ನಿಮ್ಮ ಮಗಳಿಗೆ ಉತ್ತರ ಹೇಳಬೇಕಲ್ಲ ಅಂತ ಹೊತ್ಕೊಂಡು ಬಂದೆ."

ಎಂಟು ಮೂಟೆ ಹಿಟ್ಟನ್ನು ಹೊಳೆಗೆ ಹಾಕಿದ್ದರು. ಮಿಕ್ಕಿದ್ದನ್ನೂ ಔಷಧಿ ಪೆಟ್ಟಿಗೆಗಳನ್ನೂ ಮುಟ್ಟಿಸಿದ್ದರು. ಹೊರಟ ಗಂಟೆಯೊಳಗೆ ನೀರು ಬಂದಿತು. ಕೂರುಮಣೆಯ ಮೇಲಿದ್ದ ಹತ್ತಿಯನ್ನು ತುರುಕಿದರು, ಬಡಿಯಲು ಏನೂ ಇಲ್ಲದೆ ಅದು ಎದ್ದು ಬಂತು. ಕೊನೆಗೆ ಮುದುಕ ಅಂಗಿ ಬಿಚ್ಚಿ ತುರುಕಿ, ಮೇಲೆ ಹಿಮ್ಮಡಿ ಒತ್ತಿ ಕೂತ. ಹೋಗುವಾಗ ಐದು ಗಂಟೆ. ಅಲ್ಲಿ ಕೊಡತಿಯೂ ಇಲ್ಲ, ರಾಳ ಕಾಯಿಸಲು ಬೆಂಕಿ ಹಚ್ಚುವ ಹಾಗೂ ಇಲ್ಲ, ಬರುವಾಗ ಮತ್ತೆ ಆರು ಗಂಟೆ. ಇದನ್ನೆಲ್ಲ ಅಳಿಯ ಗುಮಾಸ್ತನಿಗೆ ಹೇಳುತ್ತಿದ್ದಾಗ ಧಕ್ಕೆಯಿಂದ ಸೈನ್ಯದ ಸಾಹೇಬರು ಬಂದರು. ಸಮವಸ್ತ್ರದ ಮೇಲಿನ ಗುಂಡಿ ಒಂದು ಇರಲಿಲ್ಲ, ಕಣ್ಣುಗಳು ಕೆಂಪಗಿದ್ದವು. ಬಗ್ಗಿ ಆ ಬೆಳ್ಳಗಿನ ಗೇಣನ್ನು ನೋಡಿದರು, ಬೆರಳು ತೂರಿಸಿದರು. ಬೆರಳು ಒಳಗೆ ಹೋಯಿತು.

"ಇದು ಮರೆತದ್ದಲ್ಲ," ಎಂದರು. "ಅಳತೆ ಮಾಡಿ ಬಿಟ್ಟದ್ದು. ಯಾರು ಮಾಡಿದ್ದು ಇದನ್ನ?"

ಗುಮಾಸ್ತ ದೊಡ್ಡಪ್ಪನ ಕಡೆ ನೋಡಿದ. ಎಲ್ಲರೂ ನೋಡಿದರು. ದೊಡ್ಡಪ್ಪನಿಗೆ ಬಾಗಿದ ದೋಣಿಯ ಆಚೆ ಬದಿ ಕಾಣುತ್ತಿರಲಿಲ್ಲ. ದೋಣಿ ಬಂದಿದೆ, ಮನುಷ್ಯರು ಬದುಕಿದ್ದಾರೆ, ದೊಡ್ಡ ಮನುಷ್ಯರು ತನ್ನ ಕೆಲಸ ನೋಡಲು ಬಂದಿದ್ದಾರೆ, ಅವನಿಗೆ ಕಂಡದ್ದು ಇಷ್ಟೇ. ಪಂಚೆಗೆ ಕೈ ಒರೆಸಿಕೊಂಡು ಮುಂದೆ ಬಂದ.

"ನೀನೇನಾ ಇದನ್ನ ಹೀಗೆ ಬಿಟ್ಟದ್ದು?"

ದೊಡ್ಡಪ್ಪ ತಲೆಯಾಡಿಸಿದ.

"ಬೇಕಂತಲೇ?"

ಮತ್ತೆ ಆಡಿಸಿದ. ತುಟಿಯಂಚಿನಲ್ಲಿ ನಾಚಿಕೆಯ ಒಂದು ನಗು ಕೂಡ ಇತ್ತು, ಹೊಗಳಿಸಿಕೊಂಡವನ ನಗು. ಅವಳು ಕೊಪ್ಪರಿಗೆಯ ಹಿಂದಿನಿಂದ ಆ ತಲೆಯಾಡುವುದನ್ನು ನೋಡಿದಳು. ನಿನ್ನೆ ತನ್ನ ತಲೆಯೂ ಹೀಗೇ ಆಡಿದ್ದು. ಮುದುಕನಿಗೆ ಹೊರಗಿನಿಂದ ಕಂಡದ್ದು ಇದು. ಸಾಹೇಬರ ಹಿಂದಿದ್ದ ಇಬ್ಬರು ಸಿಪಾಯಿಗಳು ಒಂದು ಹೆಜ್ಜೆ ಮುಂದೆ ಬಂದರು. ಅವರಲ್ಲೊಬ್ಬ ದೊಡ್ಡಪ್ಪನ ತೋಳು ಹಿಡಿದ, ಎಡ ತೋಳು, ಅವಳ ಕೈ ಇರುವ ಹೆಗಲಿನ ಕೆಳಗೆ.

"ಅವರಿಗೆ ಕಿವಿ ಕೇಳಲ್ಲ!"

ಯಾರದೋ ಸ್ವರ. ಅದು ತನ್ನದೇ ಎಂದು ಗೊತ್ತಾಗಲು ಅವಳಿಗೆ ಒಂದು ಕ್ಷಣ ಬೇಕಾಯಿತು. ಎಲ್ಲರೂ ತಿರುಗಿದರು. ರಾಳದಕ್ಕನ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. ಅವಳು ನಡೆದು ಬಂದಳು. ಎಷ್ಟು ಹೆಜ್ಜೆಯೆಂದು ಎಣಿಸಲಿಲ್ಲ. ಸ್ವರ ಒಡೆಯಿತು, ಒಡೆದರೆ ಒಡೆಯಲಿ ಎಂದು ತುಂಡುತುಂಡಾಗಿಯೇ ಹೇಳಿದಳು. "ಕೊನೇ ಗೇಣು ದೋಣಿಯವರದ್ದು. ನಾವು ಬಿಡ್ತೀವಿ. ಎಲ್ಲಾ ದೋಣಿಗೂ ಬಿಡ್ತೀವಿ. ಅವರು ತುಂಬ್ಕೋಬೇಕು. ಇವರು ತುಂಬಲಿಲ್ಲ. ಇವರಿಗೆ ಗೊತ್ತಿರಲಿಲ್ಲ."

"ಅಂದ್ರೆ?" ಎಂದರು ಸಾಹೇಬರು, ಗುಮಾಸ್ತನ ಕಡೆ ತಿರುಗಿ.

ಗುಮಾಸ್ತ ಬಾಯಿ ತೆರೆಯುವ ಮೊದಲೇ ಮರಳ ಮೇಲೆ ಕೂತಿದ್ದ ಮುದುಕ ಹಣೆ ಬಡಿದುಕೊಂಡು ನಗತೊಡಗಿದ. ನಗುತ್ತ ಕೆಮ್ಮಿದ, ಕೆಮ್ಮುತ್ತ ನಕ್ಕ. "ಅಯ್ಯೋ ನನ್ನಪ್ಪಾ! ಕೊನೇದಾ? ಸಾಹೇಬ್ರೇ, ನಮ್ಮ ಕಡೆ ಮೊದಲನೇ ಗೇಣು ದೋಣಿಯವನದು. ಮೂತಿ ಹತ್ರ. ಅಲ್ಲಿ ಬಗ್ಗಿ ನೋಡ್ದೆ, ತುಂಬಿತ್ತು. ಪಾಪ, ಪರವೂರಿನವರು, ದಣಿದು ಬಂದಿದಾರೆ ಅಂತ ನಮ್ಮ ಪಾಲಿನ ಕೆಲಸಾನೂ ಇವರೇ ಮಾಡಿದಾರಲ್ಲ, ಎಷ್ಟು ಒಳ್ಳೇ ಜನ ಅಂದ್ಕೊಂಡೆ! ಆ ಹತ್ತೀನ ಇವನು," ಎಂದು ಅಳಿಯನ ತಲೆಗೆ ಮೊಟಕಿದ, "ತಲೆದಿಂಬು ಅಂತ ಇಟ್ಕೊಂಡ."

ಮೂಟೆ ಹೊರುವವರು ನಕ್ಕರು. ಸಿಪಾಯಿಯ ಕೈ ದೊಡ್ಡಪ್ಪನ ತೋಳಿನ ಮೇಲೆ ಸಡಿಲವಾಯಿತು. ಸಾಹೇಬರು ಕಣ್ಣು ಮುಚ್ಚಿ ಎರಡು ಬೆರಳಿನಿಂದ ಒತ್ತಿಕೊಂಡರು. ಇಲ್ಲಿಗೆ ಸುಮ್ಮನಾಗಬಹುದಿತ್ತು. ಎಲ್ಲರೂ ನಗುತ್ತಿದ್ದರು, ಅವಳು ಆ ನಗುವಿನೊಳಗೆ ಮೆಲ್ಲಗೆ ಹಿಂದೆ ಸರಿದು ಹೊಗೆಯ ಹಿಂದೆ ಹೋಗಿಬಿಡಬಹುದಿತ್ತು, ಯಾರಾದರೂ ಏನಮ್ಮಾ ಎಂದರೆ ಏನಿಲ್ಲ ಎನ್ನಬಹುದಿತ್ತು. ಅವಳ ಕಣ್ಣು ಮುದುಕನ ಹಿಮ್ಮಡಿಯ ಮೇಲೆ ನಿಂತಿತ್ತು.

"ನಾನು ನೋಡಿದ್ದೆ," ಎಂದಳು.

"ಏನು?" ಎಂದ ಗುಮಾಸ್ತ.

"ತುಂಬಿಲ್ಲ ಅಂತ ನೋಡಿದ್ದೆ. ದೋಣಿ ಇಳೀವಾಗಲೇ. ಎರಡು ಗಂಟೆ ಧಕ್ಕೆಯಲ್ಲಿತ್ತು. ಬಾಗಿಲ ತನಕ ಬಂದೆ. ಹೇಳಲಿಲ್ಲ."

ನಗು ನಿಂತಿತು. ಮುದುಕ ಅವಳನ್ನು ನೋಡಿದ. ಈ ಸಲ ಮಗಳೇ ಎನ್ನಲಿಲ್ಲ. "ಮತ್ತೆ ಕೈ ಎತ್ತಿದ್ದು ಅದಕ್ಕಾ?" ಎಂದು ಕೇಳಿದ.

"ಹೂಂ."

"ನಾನು ಟಾಟಾ ಅಂದ್ಕೊಂಡೆ." ಅವನು ತನ್ನ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅದು ಯಾರದೋ ಹಸುಗೂಸು ಎಂಬಂತೆ ನೋಡುತ್ತ ಕೂತ. "ಎಂಟು ಮೂಟೆ," ಎಂದ ಕೊನೆಗೆ. "ಯಾರ ಬಾಯಿಗೆ ಹೋಗೋ ತುತ್ತೋ." ಅಳಿಯ ನೆಲ ನೋಡಿದ. ಯಾರಾದರೂ ಬೈಯಲಿ ಎಂದು ಅವಳು ಕಾದಳು. ಯಾರೂ ಬೈಯಲಿಲ್ಲ.

ಸಾಹೇಬರು ಗುಮಾಸ್ತನಿಗೆ ಬರೆದುಕೋ ಎಂದರು. ಗುಮಾಸ್ತ ಹೆಸರು ಕೇಳಿದ. ಅವಳು ಹೇಳಿದಳು. ಒಂದೇ ಸಲಕ್ಕೆ ಕೇಳಿಸಿತು, ಅವನು ತಲೆಯೆತ್ತದೆ ಬರೆದ. ನಾಳೆ ಹತ್ತು ಗಂಟೆಗೆ ಕಚೇರಿಗೆ ಬರಬೇಕು ಎಂದರು ಸಾಹೇಬರು. ಬೈದು ಹೇಳಿದ್ದಲ್ಲ, ಸಮಾಧಾನದ ಮಾತೂ ಅಲ್ಲ. ಆಮೇಲೆ ದೋಣಿಯ ಕಡೆ ಕೈ ಮಾಡಿ, "ಬೆಳಿಗ್ಗೆ ಆರಕ್ಕೆ ಇದು ಮತ್ತೆ ಹೋಗಬೇಕು. ಈ ಮೊದಲನೇ ಗೇಣು, ಕೊನೇ ಗೇಣು ಎಲ್ಲಾ ಇನ್ಮೇಲೆ ಬೇಡ. ಪೂರ್ತಿ ನೀವೇ ತುಂಬಿ," ಎಂದರು.

"ಅದು ಹಾಗಲ್ಲ ಸಾಹೇಬ್ರೇ," ಎಂದ ಮುದುಕ. "ಬೆಳಿಗ್ಗೆ ಇದರಲ್ಲಿ ಕೂರೋನು ನಾನು."

"ಈ ಕಾಲಲ್ಲಾ?"

"ಚುಕ್ಕಾಣಿ ಹಿಡಿಯೋದು ಕೈಯಲ್ಲಲ್ವಾ?"

ಇಷ್ಟು ಹೊತ್ತೂ ದೊಡ್ಡಪ್ಪ ಒಬ್ಬೊಬ್ಬರ ತುಟಿಯನ್ನೇ ನೋಡುತ್ತ ನಿಂತಿದ್ದ. ನಗು ಬಂದಾಗ ನಕ್ಕಿದ್ದ, ನಿಂತಾಗ ನಿಲ್ಲಿಸಿದ್ದ. ಅವಳ ಬಾಯಿ ಇಷ್ಟು ಜನರ ನಡುವೆ ಆಡುವುದನ್ನು ನೋಡಿ ಅವನ ಮುಖದಲ್ಲಿ ಹೆದರಿಕೆಯೇ ಬಂದಿತ್ತು. ಅವಳು ಅವನ ಕೈ ಹಿಡಿದು ದೋಣಿಯನ್ನು ಸುತ್ತಿ ಆಚೆ ಬದಿಗೆ ಕರೆದೊಯ್ದಳು. ಅವನ ಹೆಬ್ಬೆರಳನ್ನು ಆ ಖಾಲಿ ಸಂದಿನ ಮೇಲೆ ಇಟ್ಟಳು. ಆಮೇಲೆ ಹೆಗಲ ಮೇಲೆ ಕೈಯಿಟ್ಟು, ಒಂದು ತಟ್ಟಿದಳು, ತಡೆದಳು. ಇನ್ನೊಂದು ತಟ್ಟಿದಳು. ಅವನು ತಿರುಗಿ ನೋಡಲಿಲ್ಲ. ಹೆಬ್ಬೆರಳು ಸಂದಿನ ಉದ್ದಕ್ಕೆ ಹೋಗಿ, ಬಂದು, ಮತ್ತೆ ಹೋಯಿತು. ನಿನ್ನೆಯ ಆ ಒಂದು ತಟ್ಟು ಅವನ ಹೆಗಲಿನಲ್ಲಿ ಎಲ್ಲಿ ಕೂತಿತ್ತೋ ಅಲ್ಲಿಂದ ಎದ್ದು ಹೋಗುವುದು ಅವಳ ಅಂಗೈಗೆ ಗೊತ್ತಾಯಿತು. ಅವನ ಹೆಗಲು ಸ್ವಲ್ಪ ಕುಸಿಯಿತು, ಆದರೆ ಅವಳ ಕೈಯನ್ನು ಕೊಡವಿಕೊಳ್ಳಲಿಲ್ಲ. ಸೊಂಟದಿಂದ ಕೊಡತಿ ತೆಗೆದ. ತನ್ನ ಮಗನಿಗೂ ಮುಟ್ಟಲು ಕೊಡದ ಕೊಡತಿ. ಮುದುಕನ ಮುಂದೆ ಹೋಗಿ ಎರಡೂ ಕೈಯಲ್ಲಿ ಹಿಡಿದು ಚಾಚಿದ.

ದೋಣಿಯನ್ನು ಮರಳ ಮೇಲೆ ಎಳೆದು ವಾಲಿಸಿದರು. ರಾಳದಕ್ಕ ಒಣ ಬಟ್ಟೆಯಿಂದ ಸಂದನ್ನು ಒರೆಸಿ, ಕಾಯಿಸಿದ ಕಬ್ಬಿಣ ಹಿಡಿದು ತೇವ ಆರಿಸಿದಳು. ಅವಳು ಹತ್ತಿ ಹೊಸೆದು ಕೊಟ್ಟಳು, ಒಂದೆಳೆ ಹೆಚ್ಚು ಹಾಕಿ. ಮುದುಕ ಕಾಲು ಚಾಚಿ ಕೂತು ಉಳಿ ಹಿಡಿದ. ಕೊಡತಿ ಅವನ ಕೈಗೆ ಭಾರ. ಮೊದಲ ಏಟು ಜಾರಿತು, ಎರಡನೆಯದು ಕೂತಿತು. ಅವಳು ರೂಢಿಯಿಂದ ಹಿಂದೆ ಹೋಗಿ ಅವನ ಎಡ ಹೆಗಲ ಕಡೆ ಕೈ ಚಾಚಿದಳು. ಬರಿಮೈ, ಉಪ್ಪು ನೀರು ಒಣಗಿ ಬೆಳ್ಳಗಾದ ಹೆಗಲು. ಮುಟ್ಟುವ ಮೊದಲು ಕೈ ಹಿಂದಕ್ಕೆ ತೆಗೆದುಕೊಂಡಳು. ಇವನಿಗೆ ಕಿವಿ ಕೇಳುತ್ತದೆ. ಏಟುಗಳು ಬಿದ್ದವು. ಹತ್ತಿ ಒಳಗಿಳಿಯಿತು. ಸಾಹೇಬರು ಹೋಗದೆ ನಿಂತಿದ್ದರು, ಗುಮಾಸ್ತ ಪಟ್ಟಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನೋಡುತ್ತಿದ್ದ. ಮುದುಕ ಕೊಡತಿ ಇಳಿಸಿದ. ಎಣಿಸಬಹುದಾದಂಥ ಅವನ ಬೆನ್ನೆಲುಬು ಉಸಿರಿಗೆ ಎದ್ದು ಬೀಳುತ್ತಿತ್ತು.

"ಏನಮ್ಮಾ, ತುಂಬಿತಾ?" ಎಂದ, ತಿರುಗದೆ.

ಎಲ್ಲರೂ ದಣಿದಿದ್ದರು. ಒಂದು ಸಲ ತಲೆಯಾಡಿಸಿದರೆ ಎಲ್ಲರೂ ಮನೆಗೆ ಹೋಗುತ್ತಾರೆ. ಆದರೆ ಆ ಕೊನೆಯ ಸದ್ದಿನ ಅಡಿಯಲ್ಲಿ, ಎಲ್ಲೋ ಒಂದು ಕೂದಲೆಳೆಯಷ್ಟು, ಇನ್ನೂ ಟೊಳ್ಳಿತ್ತು.

"ಇಲ್ಲ," ಎಂದಳು.

"ಏನಂದೆ?" ಎಂದ ಗುಮಾಸ್ತ, ಈ ಸಲ ಕಿವಿಗೆ ಕೈ ಹಿಡಿಯದೆ.

"ತುಂಬಿಲ್ಲ. ಇನ್ನೊಂದೇಟು ಬೀಳಬೇಕು."

ಮುದುಕ ಕೊಡತಿ ಎತ್ತಿದ.